ಕಡಲ ವಾಂತಿ ಅಂದುಕೊಂಡಿದ್ದು: ಮೆದುಳಿನ ಕುಹರದಲ್ಲಿ ಸಿಕ್ಕ ಅಪರೂಪದ ಗಡ್ಡೆಯೊಂದರ ಪ್ರಕರಣ

ಸೆಂಟ್ರಲ್ ನ್ಯೂರೋಸೈಟೋಮಾ ತುಂಬ ಅಪರೂಪದ ಗಡ್ಡೆ. ಮೆದುಳಿನ ಎಲ್ಲ ಗಡ್ಡೆಗಳಲ್ಲಿ ಇದರ ಪಾಲು ಶೇಕಡಾ 0.1ರಿಂದ 0.5 ಮಾತ್ರ. ದೊಡ್ಡ ಆಸ್ಪತ್ರೆಯ ನರಶಸ್ತ್ರ ವೈದ್ಯರೂ ಇದನ್ನು ಪದೇ ಪದೇ ನೋಡುವುದಿಲ್ಲ. ಅಂಥದ್ದು ಹೊನ್ನಾವರ ಸೀಮೆಯ ಮೀನುಗಾರ ಯುವಕನೊಬ್ಬನಿಗೆ ಬಂತು. ಸಕಾಲಕ್ಕೆ ಪತ್ತೆಯಾಯಿತು, ಸರಿಯಾದ ಚಿಕಿತ್ಸೆಯೂ ಸಿಕ್ಕಿತು. ಇದಕ್ಕೆ ದೊಡ್ಡ ಯಂತ್ರಗಳು ಬೇಕಾದವು, ನಿಜ. ಆದರೆ ಎರಡು ಘಟ್ಟದಲ್ಲಿ ದಾರಿ ತಿರುಗಿದ್ದು ಯಂತ್ರದಿಂದಲ್ಲ, ಯಾರೋ ಒಬ್ಬರು ನಿಧಾನವಾಗಿ ನೋಡಿದ್ದರಿಂದ. ಒಮ್ಮೆ ಕಣ್ಣಿನ ಒಳಗೆ, ಇನ್ನೊಮ್ಮೆ ಸೂಕ್ಷ್ಮದರ್ಶಕದ ಕೆಳಗೆ. ಕರಾವಳಿಯಲ್ಲಿ ಜನರಲ್ ಫಿಸಿಷಿಯನ್ ಆಗಿರುವ ನನಗೆ ಈ ಪ್ರಕರಣವನ್ನು ಪೂರ್ತಿಯಾಗಿ ಬರೆದಿಡಬೇಕು ಅನ್ನಿಸಿದ್ದು ಅದಕ್ಕೇ. ಹೆಸರು, ಊರು, ಆಸ್ಪತ್ರೆ ಯಾವುದನ್ನೂ ಇಲ್ಲಿ ಹೇಳುವುದಿಲ್ಲ.

ದೂರು

ವಯಸ್ಸು 28. ಶಾಲೆ ಬಿಟ್ಟಾಗಿನಿಂದ ಟ್ರಾಲ್ ಬೋಟಿನಲ್ಲಿ ಕೆಲಸ. ಮದುವೆಯಾಗಿದೆ, ಒಂದು ಚಿಕ್ಕ ಮಗು. ಬೀಡಿ-ಸಿಗರೇಟು ಇಲ್ಲ. ಹಿಂದೆ ಯಾವ ದೊಡ್ಡ ಕಾಯಿಲೆಯೂ ಆಗಿರಲಿಲ್ಲ.

ಶಿವರಾತ್ರಿಯ ಸುಮಾರಿಗೆ ತಲೆನೋವು ಶುರುವಾಗಿದೆ. ಬೋಟು ಹೊರಡುವುದು ಬೆಳಕು ಹರಿಯುವ ಮೊದಲು. ಎದ್ದ ಕೂಡಲೇ ತಲೆ ಸಿಡಿಯುತ್ತಿತ್ತು. ಬೋಟು ಅಳಿವೆ ದಾಟುವಷ್ಟರಲ್ಲಿ ವಾಂತಿ. ವಾಂತಿಯಾದ ಮೇಲೆ ತಲೆ ಸ್ವಲ್ಪ ಹಗುರ. ಬಿಸಿಲೇರಿದ ಮೇಲೆ ಎಲ್ಲ ಸರಿ ಎಂಬಂತೆ ಕೆಲಸ. ಜೊತೆಯವರು ಡೀಸೆಲ್ ಹೊಗೆಯಿಂದ ಅಂದರು. ಕೆಲವರು ಕಡಲ ವಾಂತಿ ಅಂದರು. ಮನೆಯಲ್ಲಿ ಪಿತ್ತ ಅಂತ ಮುರುಗಲ ಹಣ್ಣಿನ ಪಾನಕ ಮಾಡಿ ಕೊಟ್ಟರು. ಮೆಡಿಕಲ್ ಶಾಪಿನ ನೋವಿನ ಮಾತ್ರೆ ಕಿಸೆಯಲ್ಲೇ ಇರುತ್ತಿತ್ತು. ಒಂದು ಕಡೆ ಮೈಗ್ರೇನ್ ಮಾತ್ರೆ ಬರೆದುಕೊಟ್ಟಿದ್ದರು. ಇನ್ನೊಂದು ಕಡೆ ಕನ್ನಡಕ ಮಾಡಿಸಿದ್ದರು.

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಬಾಲ್ಯದಿಂದ ದೋಣಿಯ ಮೇಲೇ ಬೆಳೆದವನಿಗೆ 28ನೇ ವಯಸ್ಸಿಗೆ ಹೊಸದಾಗಿ ಕಡಲ ವಾಂತಿ ಶುರುವಾಗುತ್ತದಾ?

ಇದಕ್ಕೆ ಉತ್ತರ ಕೊಟ್ಟಿದ್ದು ಮಳೆಗಾಲದ ರಜೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರೀಕೃತ ಬೋಟುಗಳ ಮೀನುಗಾರಿಕೆಗೆ ನಿಷೇಧ. ಬೋಟು ದಡ ಸೇರಿತು. ಡೀಸೆಲ್ ಹೊಗೆ ಇಲ್ಲ, ಅಲೆಯ ಹೊಯ್ದಾಟ ಇಲ್ಲ, ನಿದ್ದೆಗೆಡುವುದೂ ಇಲ್ಲ. ತಲೆನೋವು ಮಾತ್ರ ಹೋಗಲಿಲ್ಲ. ಮೊದಲು ಬೆಳಿಗ್ಗೆ ನಾಲ್ಕಕ್ಕೆ ಬರುತ್ತಿದ್ದದ್ದು ಈಗ ಏಳಕ್ಕೆ, ಎದ್ದ ಗಳಿಗೆಗೆ ಸರಿಯಾಗಿ ಬರತೊಡಗಿತು. ಅಂದರೆ ನೋವಿನ ನಂಟು ಕಡಲಿನ ಜೊತೆ ಇರಲಿಲ್ಲ. ಮಲಗಿ ಏಳುವುದರ ಜೊತೆ ಇತ್ತು. ಇದನ್ನು ಗಮನಿಸಿದ್ದು ಹೆಂಡತಿ. ಜೂನ್ ಕೊನೆಯಲ್ಲಿ, ಜೋರು ಮಳೆಯಲ್ಲಿ, ಹಟ ಹಿಡಿದು ಕರೆದುಕೊಂಡು ಬಂದವರೂ ಅವರೇ.

ಬೆಳಗಿನ ತಲೆನೋವಿಗೆ ಕಾರಣ ಇದೆ. ಮಲಗಿದಾಗ ತಲೆಯಿಂದ ರಕ್ತ ಕೆಳಗಿಳಿಯುವುದು ನಿಧಾನವಾಗುತ್ತದೆ. ನಿದ್ದೆಯಲ್ಲಿ ಉಸಿರಾಟ ಮಂದವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಸ್ವಲ್ಪ ಏರುತ್ತದೆ. ಆಗ ಮೆದುಳಿನ ರಕ್ತನಾಳಗಳು ಹಿಗ್ಗುತ್ತವೆ. ಆರೋಗ್ಯವಂತರಿಗೆ ಇದು ಗೊತ್ತೇ ಆಗುವುದಿಲ್ಲ. ತಲೆಯೊಳಗೆ ಮೊದಲೇ ಒತ್ತಡ ಜಾಸ್ತಿ ಇದ್ದರೆ ಈ ಚೂರು ಏರಿಕೆಯೇ ತಡೆಯಲಾಗದ ನೋವಾಗುತ್ತದೆ. ವಾಂತಿ ಮಾಡುವಾಗ ಉಸಿರು ಜೋರಾಗಿ ಡೈಆಕ್ಸೈಡ್ ಇಳಿಯುತ್ತದೆ. ಆಮೇಲೆ ಎದ್ದು ಕೂರುತ್ತಾರೆ. ಹಾಗಾಗಿ ತಲೆ ಹಗುರಾಗುತ್ತದೆ. ವಾಂತಿಯಾದ ಮೇಲೆ ಸರಿಹೋಯಿತು, ಹಾಗಾಗಿ ಹೊಟ್ಟೆಯದ್ದೇ ತೊಂದರೆ ಎಂದು ಜನ ನಂಬುವುದು ಸಹಜ. ಆದರೆ ಅದು ತಲೆಯ ತೊಂದರೆಯ ಗುರುತೂ ಆಗಿರಬಹುದು.

ಕೇಳುತ್ತಾ ಹೋದಂತೆ ಇನ್ನೂ ಮೂರು ಸಂಗತಿ ಹೊರಬಂದವು. ಬಗ್ಗಿ ಬಲೆಯ ಹಗ್ಗ ಎಳೆಯುವಾಗ ಕೆಲವು ಸೆಕೆಂಡು ಎರಡೂ ಕಣ್ಣು ಕಪ್ಪುಗಟ್ಟುತ್ತಿದ್ದವು. ರಾತ್ರಿ ದೂರದ ಬೋಟಿನ ಒಂದೇ ದೀಪ ಎರಡಾಗಿ ಕಾಣುತ್ತಿತ್ತು. ಮೂರನೆಯದನ್ನು ಹೇಳಿದ್ದು ಹೆಂಡತಿ: "ಮೀನಿನ ಲೆಕ್ಕದಲ್ಲಿ ಯಾವತ್ತೂ ತಪ್ಪಿದವರಲ್ಲ. ಈಗ ನಿನ್ನೆ ಕೊಟ್ಟ ದುಡ್ಡು ಇವತ್ತು ನೆನಪಿಲ್ಲ. ಸುಮ್ನೆ ಸುಮ್ನೆ ರೇಗ್ತಾರೆ." ಈ ಮೂರನೆಯ ಮಾತನ್ನು ರೋಗಿಯ ಬಾಯಿಂದ ಕೇಳಲು ಆಗುವುದೇ ಇಲ್ಲ. ತಲೆನೋವಿನ ರೋಗಿಯ ಜೊತೆ ಮನೆಯವರೊಬ್ಬರು ಒಳಗೆ ಬರಲಿ ಎಂದು ನಾನು ಯಾವಾಗಲೂ ಹೇಳುವುದು ಇದಕ್ಕೇ.

ಕಣ್ಣಿನ ಒಳಗೆ

ಜ್ವರ ಇರಲಿಲ್ಲ. ನಮ್ಮಲ್ಲಿ ಮಳೆಗಾಲದಲ್ಲಿ ತಲೆನೋವು ಅಂದರೆ ಡೆಂಗಿ, ಇಲಿಜ್ವರ ಮೊದಲು ನೆನಪಾಗುತ್ತವೆ. ಘಟ್ಟದ ಕಾಡಿನಂಚಿನವರಾದರೆ ಬೇಸಿಗೆಯಲ್ಲಿ ಮಂಗನ ಕಾಯಿಲೆಯೂ ಲೆಕ್ಕಕ್ಕೆ ಬರುತ್ತದೆ. ಇಲ್ಲಿ ಅದ್ಯಾವುದಕ್ಕೂ ಜಾಗ ಇರಲಿಲ್ಲ. ನಾಡಿ, ರಕ್ತದೊತ್ತಡ ಸರಿ. ಕತ್ತು ಬಿಗಿದಿರಲಿಲ್ಲ. ಕೈಕಾಲಿನ ಶಕ್ತಿ ಸರಿ. ಎರಡೂ ಕಣ್ಣು ಹೊರಗಡೆಗೆ ಪೂರ್ತಿ ತಿರುಗುತ್ತಿರಲಿಲ್ಲ, ಸ್ವಲ್ಪ ಕಡಿಮೆ. ದೀಪ ಎರಡಾಗಿ ಕಾಣುತ್ತಿದ್ದದ್ದಕ್ಕೆ ಅದೇ ಕಾರಣ. ಕಣ್ಣನ್ನು ಹೊರಕ್ಕೆ ತಿರುಗಿಸುವ ಆರನೇ ನರ ತಲೆಬುರುಡೆಯೊಳಗೆ ಬಹಳ ದೂರ ಸಾಗುತ್ತದೆ. ಒತ್ತಡ ಎಲ್ಲೇ ಏರಿದರೂ ಅದು ಸೊರಗುತ್ತದೆ.

ಆಮೇಲೆ ಕಿಟಕಿ ಮುಚ್ಚಿ, ದೀಪ ಆರಿಸಿ, ಆಫ್ತಾಲ್ಮೋಸ್ಕೋಪಿನಿಂದ ಕಣ್ಣಿನ ಹಿಂಭಾಗ ನೋಡಿದೆ. ಕಣ್ಣಿನ ನರ ಒಳಗೆ ಬರುವ ಜಾಗದಲ್ಲಿ ದುಂಡಗಿನ ತಿಳಿ ಹಳದಿ ತಟ್ಟೆ ಕಾಣಬೇಕು. ಅದರ ಅಂಚು ಗೆರೆ ಎಳೆದ ಹಾಗೆ ಸ್ಪಷ್ಟ ಇರಬೇಕು. ಇವರ ಎರಡೂ ಕಣ್ಣಿನಲ್ಲಿ ಅಂಚೇ ಇರಲಿಲ್ಲ. ತಟ್ಟೆ ಉಬ್ಬಿತ್ತು, ಕೆಂಪಾಗಿತ್ತು. ಅಭಿಧಮನಿಗಳು ದಪ್ಪಗಾಗಿದ್ದವು. ಸುತ್ತ ಗೀರಿನಂಥ ಸಣ್ಣ ರಕ್ತಸ್ರಾವಗಳು. ಇದು ಪ್ಯಾಪಿಲೆಡಿಮಾ. ತಲೆಯೊಳಗಿನ ಒತ್ತಡ ಕಣ್ಣಿನ ನರದ ಸುತ್ತಲಿನ ಹೊದಿಕೆಯ ಮೂಲಕ ಕಣ್ಣಿಗೆ ಬಂದು ಮುಟ್ಟಿದಾಗ ಕಾಣುವ ಗುರುತು.

ಈ ಉಪಕರಣವನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಕಂಡುಹಿಡಿದದ್ದು 1851ರಲ್ಲಿ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಬ್ಯಾಟರಿಯಿಂದ ನಡೆಯುತ್ತದೆ. ಪೇಟೆಯಿಂದ ದೂರ ಇರುವ ಆಸ್ಪತ್ರೆಯಲ್ಲಿ ತಲೆಯೊಳಗಿನ ಒತ್ತಡವನ್ನು ಕಣ್ಣಾರೆ ನೋಡಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ. ವಾರಗಟ್ಟಲೆ ಬಿಡದ ತಲೆನೋವಿನ ಪ್ರತಿ ರೋಗಿಗೂ ಸ್ಕ್ಯಾನ್ ಮಾಡಿಸಲು ನಮ್ಮ ಜಿಲ್ಲೆಯಲ್ಲಿ ಆಗುವುದಿಲ್ಲ, ಬೇಕಾಗಿಯೂ ಇಲ್ಲ. ಆದರೆ ಪ್ರತಿಯೊಬ್ಬರ ಕಣ್ಣಿನ ಹಿಂಭಾಗ ನೋಡಬಹುದು. ನೋಡಲೇಬೇಕು. ಕನ್ನಡಕದ ನಂಬರ್ ಪರೀಕ್ಷೆ ಬೇರೆ, ಇದು ಬೇರೆ. ಈ ವ್ಯತ್ಯಾಸವನ್ನು ಹೇಳಿಕೊಟ್ಟರೆ ಜನರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಕೇಳುವ ಧೈರ್ಯವೂ ಬರುತ್ತದೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಇಂಥ ಸ್ಥಿತಿಯಲ್ಲಿ ಸ್ಕ್ಯಾನ್ ಮಾಡದೆ ಬೆನ್ನಿನಿಂದ ನೀರು ತೆಗೆಯುವ ಪರೀಕ್ಷೆ ಮಾಡಬಾರದು. ಮೇಲೆ ಒತ್ತಡ ಕಟ್ಟಿಕೊಂಡಿರುವಾಗ ಕೆಳಗಿನಿಂದ ನೀರು ತೆಗೆದರೆ ಮೆದುಳು ಕೆಳಕ್ಕೆ ಜಾರಿ ಉಸಿರಾಟದ ಕೇಂದ್ರವನ್ನೇ ಅಮುಕಬಹುದು. ನಿದ್ದೆ ಬರಿಸುವ ಮಾತ್ರೆಯನ್ನೂ ಕೊಡಬಾರದು. ಕೊಟ್ಟರೆ ರೋಗಿ ಮಂಕಾಗುತ್ತಿರುವುದು ಔಷಧಿಯಿಂದಲೋ ಒತ್ತಡದಿಂದಲೋ ಗೊತ್ತಾಗುವುದಿಲ್ಲ.

ಅಳಿವೆ ಮುಚ್ಚಿದಾಗ

ಸಿಟಿ ಸ್ಕ್ಯಾನ್ ಅದೇ ದಿನ ಆಯಿತು. ಮೆದುಳಿನ ಎರಡೂ ಬದಿಯ ಕುಹರಗಳು, ಅಂದರೆ ದ್ರವ ತುಂಬಿದ ಪೊಳ್ಳು ಜಾಗಗಳು, ದೊಡ್ಡದಾಗಿ ಹಿಗ್ಗಿದ್ದವು. ಬಲಗಡೆಯದರ ಒಳಗೆ, ಮಧ್ಯದ ತೆಳು ಪರದೆಗೆ ಅಂಟಿಕೊಂಡು, ಸುಮಾರು ನಾಲ್ಕೂವರೆ ಸೆಂಟಿಮೀಟರಿನ ಗಡ್ಡೆ. ಅದರಲ್ಲಿ ಅಲ್ಲಲ್ಲಿ ಸುಣ್ಣದ ಚುಕ್ಕೆಗಳು.

ರೋಗಿ ಕೇಳಿದ ಮೊದಲ ಪ್ರಶ್ನೆ ತುಂಬ ಸರಿಯಾಗಿತ್ತು. "ಗಡ್ಡೆ ಒಂದು ಕಡೆ ಇದೆ. ಹಾಗಾದರೆ ತಲೆ ಪೂರ್ತಿ ಯಾಕೆ ಸಿಡೀತದೆ?"

ಮೆದುಳಿನೊಳಗೆ ನಾಲ್ಕು ಕುಹರಗಳಿವೆ. ಅವುಗಳಲ್ಲಿ ತಿಳಿಯಾದ ದ್ರವ ತುಂಬಿರುತ್ತದೆ. ದಿನಕ್ಕೆ ಸುಮಾರು 500 ಮಿಲಿಲೀಟರ್ ಹೊಸದಾಗಿ ಹುಟ್ಟುತ್ತದೆ. ಯಾವುದೇ ಹೊತ್ತಿನಲ್ಲಿ ಇರುವುದು ಸುಮಾರು 150 ಮಿಲಿಲೀಟರ್ ಮಾತ್ರ. ಅಂದರೆ ದಿನಕ್ಕೆ ಮೂರು ಸಲಕ್ಕಿಂತ ಹೆಚ್ಚು ಹಳೆಯದು ಹೋಗಿ ಹೊಸದು ಬರುತ್ತದೆ. ಎರಡು ಬದಿಯ ಕುಹರಗಳಿಂದ ದ್ರವ ಮಧ್ಯದ ಮೂರನೇ ಕುಹರಕ್ಕೆ ಇಳಿಯಲು ಎರಡೇ ಎರಡು ಸಣ್ಣ ಕಿಂಡಿಗಳಿವೆ. ಅವನ್ನು ಮನ್ರೋ ಕಿಂಡಿ ಅನ್ನುತ್ತಾರೆ. ಎಡಿನ್‌ಬರೋದ ಅಂಗರಚನಾ ತಜ್ಞ ಅಲೆಕ್ಸಾಂಡರ್ ಮನ್ರೋ 1783ರಲ್ಲಿ ಇದನ್ನು ವಿವರಿಸಿದ್ದರು. ಈ ಗಡ್ಡೆ ಹುಟ್ಟುವ ಜಾಗ ಹೆಚ್ಚಾಗಿ ಆ ಕಿಂಡಿಯ ಪಕ್ಕದಲ್ಲೇ. ಮೆಲ್ಲಗೆ ಬೆಳೆಯುತ್ತದೆ. ಬೆಳೆಯಲು ಕುಹರದಲ್ಲಿ ಜಾಗ ಇರುತ್ತದೆ, ಹಾಗಾಗಿ ಬಹಳ ಕಾಲ ಸುಳಿವೇ ಇರುವುದಿಲ್ಲ. ಕಿಂಡಿ ಮುಚ್ಚಿದ ಮೇಲೆ ತೊಂದರೆ ಶುರು.

ಅವರಿಗೆ ನಾನು ಶರಾವತಿಯ ಅಳಿವೆಯನ್ನು ನೆನಪಿಸಿದೆ. ಅಳಿವೆಯಲ್ಲಿ ಹೂಳು ತುಂಬಿದರೆ ಮೇಲಿನಿಂದ ಬರುವ ನೀರು ನಿಲ್ಲುವುದಿಲ್ಲ, ಹಿಂದಕ್ಕೆ ಏರುತ್ತದೆ. ನದಿಯಾದರೆ ಗದ್ದೆಗೆ ನುಗ್ಗಿ ಹರಡಿಕೊಳ್ಳುತ್ತದೆ. ತಲೆಬುರುಡೆಯಲ್ಲಿ ಹರಡಲು ಜಾಗ ಇಲ್ಲ. ಅವರು ಕೂಡಲೇ ಹಿಡಿದುಕೊಂಡರು. "ಹಾಗಾದ್ರೆ ಹೂಳು ತೆಗೀಬೇಕು, ಅಲ್ವಾ?" ಅಂದರು. ಮುಂದಿನ ಚಿಕಿತ್ಸೆಯ ಬಗ್ಗೆ ನಾನು ಅವರಿಗೆ ಹೆಚ್ಚು ವಿವರಿಸಬೇಕಾಗಲೇ ಇಲ್ಲ.

ಮನೆಯವರನ್ನು ಒಪ್ಪಿಸುವುದು ಅಷ್ಟು ಸುಲಭ ಇರಲಿಲ್ಲ. ತಲೆ ತೆರೆದರೆ ಮನುಷ್ಯ ಉಳಿಯುವುದಿಲ್ಲ ಎಂಬ ಭಯ ನಮ್ಮ ಕಡೆ ಗಟ್ಟಿಯಾಗಿದೆ. ಹಿರಿಯರೊಬ್ಬರು ದೇವರಲ್ಲಿ ಪ್ರಸಾದ ಕೇಳಿ ಬರೋಣ, ಅಮಾವಾಸ್ಯೆ ಕಳೆಯಲಿ ಅಂದರು. ಹರಕೆ ಹೊತ್ತುಕೊಳ್ಳಿ, ನಾನು ಬೇಡ ಅನ್ನುವುದಿಲ್ಲ, ಆದರೆ ಗಾಡಿ ಈಗ ಹೊರಡಬೇಕು ಎಂದೆ. ಕಣ್ಣಿನ ನರ ಹೀಗೇ ಉಬ್ಬಿಕೊಂಡಿದ್ದರೆ ದೃಷ್ಟಿ ಹೋಗುತ್ತದೆ. ಹೋದದ್ದು ಆಮೇಲೆ ಗಡ್ಡೆ ತೆಗೆದರೂ ವಾಪಸ್ ಬರುವುದಿಲ್ಲ. ಈ ಮಾತು ಅವರಿಗೆ ನಾಟಿತು.

ಉತ್ತರ ಕನ್ನಡದಲ್ಲಿ ಗಂಭೀರ ರೋಗಿ ಎಲ್ಲಿಗೆ ಹೋಗುತ್ತಾನೆ ಎಂಬುದನ್ನು ಅವನ ತಾಲೂಕು ತೀರ್ಮಾನಿಸುತ್ತದೆ. ಕಾರವಾರದವರಿಗೆ ಗೋವಾ ಹತ್ತಿರ. ಶಿರಸಿ, ಯಲ್ಲಾಪುರದವರು ಹುಬ್ಬಳ್ಳಿಗೆ ಹೋಗುತ್ತಾರೆ. ಹೊನ್ನಾವರ, ಭಟ್ಕಳದವರು ಮಣಿಪಾಲ, ಮಂಗಳೂರಿನ ಕಡೆಗೆ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂಬ ಕೂಗು 2022ರಲ್ಲಿ ಜೋರಾಗಿ ಎದ್ದಿತ್ತು. ಆ ಬೇಡಿಕೆ ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ. ಹೆದ್ದಾರಿಯಲ್ಲಿ ಎರಡು-ಎರಡೂವರೆ ಗಂಟೆ, ಅದೂ ಜೂನ್ ತಿಂಗಳ ಮಳೆಯಲ್ಲಿ, ತಲೆಯೊಳಗೆ ಒತ್ತಡ ಇರುವ ರೋಗಿಗೆ ಸಣ್ಣ ಪ್ರಯಾಣವಲ್ಲ. ನಾವು ಮಾಡಿದ್ದಿಷ್ಟು: ಅಲ್ಲಿನ ನರಶಸ್ತ್ರ ವಿಭಾಗಕ್ಕೆ ಮೊದಲೇ ಫೋನ್ ಮಾಡಿ ಸ್ಕ್ಯಾನಿನ ಚಿತ್ರ ಕಳಿಸಿದೆವು. ತಲೆಯ ಭಾಗವನ್ನು 30 ಡಿಗ್ರಿಯಷ್ಟು ಎತ್ತರಕ್ಕಿಟ್ಟು ಮಲಗಿಸಿದೆವು. ಎಚ್ಚರ ತಪ್ಪಿದರೆ ಕೊಡಲು, ತಲೆಯೊಳಗಿನ ಒತ್ತಡ ಇಳಿಸುವ ಮ್ಯಾನಿಟಾಲ್ ಬಾಟಲಿ ಜೊತೆಗೆ ಕಳಿಸಿದೆವು. ದಾರಿಯಲ್ಲಿ ನಿದ್ದೆ ಹೋಗಲು ಬಿಡದೆ ಮಾತಾಡಿಸುತ್ತಿರಲು ಒಬ್ಬ ನರ್ಸ್ ಹೋದರು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಗೆ ಬೇಕಾದ ರೆಫರಲ್ ಪತ್ರವನ್ನು ಸರ್ಕಾರಿ ಆಸ್ಪತ್ರೆಯಿಂದ ಬರೆಸಿಕೊಂಡೇ ಹೊರಟರು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಇದರಲ್ಲಿ ಸಿಗುತ್ತದೆ. ಈ ಒಂದು ಕಾಗದ ಮರೆತು ಹೋದವರು ಅಲ್ಲಿಂದ ಮತ್ತೆ ಊರಿಗೆ ಓಡಿ ಬರುವುದನ್ನು ನೋಡಿದ್ದೇನೆ.

ಎಂಆರ್‌ಐ ಏನು ಹೇಳಿತು

ಅಲ್ಲಿ ಎಂಆರ್‌ಐ ಆಯಿತು. ಕುಹರದೊಳಗಿನ ಗಡ್ಡೆ ಅಂದ ಕೂಡಲೇ ಹತ್ತಾರು ಹೆಸರು ಮನಸ್ಸಿಗೆ ಬರುತ್ತವೆ. ಎಪೆಂಡೈಮೋಮಾ, ಸಬ್‌ಎಪೆಂಡೈಮೋಮಾ, ಕೋರಾಯ್ಡ್ ಪ್ಲೆಕ್ಸಸ್ ಗಡ್ಡೆ, ಮೆನಿಂಜಿಯೋಮಾ, ಕೊಲಾಯ್ಡ್ ಸಿಸ್ಟ್. ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ಜೀನಿನ ಕಾಯಿಲೆ ಇರುವವರಲ್ಲಿ ಮನ್ರೋ ಕಿಂಡಿಯ ಪಕ್ಕ ಬೆಳೆಯುವ ದೈತ್ಯಕೋಶದ ಆಸ್ಟ್ರೋಸೈಟೋಮಾ. ಭಾರತದಲ್ಲಿ ಇವುಗಳ ಜೊತೆ ಹುಳದ ಗುಳ್ಳೆಯನ್ನೂ ಕ್ಷಯದ ಗಂಟನ್ನೂ ಸೇರಿಸಿಕೊಳ್ಳಬೇಕು.

ರೋಗಿಯ ಮುಖದಲ್ಲಿ, ಮೈಯಲ್ಲಿ ಟ್ಯೂಬರಸ್ ಸ್ಕ್ಲೆರೋಸಿಸ್‌ನ ಗುರುತು ಇರಲಿಲ್ಲ. ಫಿಟ್ಸ್ ಬಂದಿರಲಿಲ್ಲ. ಕೊಲಾಯ್ಡ್ ಸಿಸ್ಟ್ ನಯವಾಗಿ ದುಂಡಗೆ ಮೂರನೇ ಕುಹರದ ಚಾವಣಿಯಲ್ಲಿ ಕೂತಿರುತ್ತದೆ. ಇದು ಹಾಗಿರಲಿಲ್ಲ. ಎಪೆಂಡೈಮೋಮಾ ಸಾಮಾನ್ಯವಾಗಿ ಮಕ್ಕಳಲ್ಲಿ, ಹೆಚ್ಚಾಗಿ ನಾಲ್ಕನೇ ಕುಹರದಲ್ಲಿ ಬರುತ್ತದೆ. ನೀರಿನಂಶ ಬೆಳ್ಳಗೆ ಕಾಣುವ ಟಿ2 ಎಂಬ ಎಂಆರ್‌ಐ ಚಿತ್ರದಲ್ಲಿ ಈ ಗಡ್ಡೆಯ ಒಳಗೆ ಸಣ್ಣ ಸಣ್ಣ ನೀರಿನ ಗುಳ್ಳೆಗಳು ಒತ್ತೊತ್ತಾಗಿ ಕಂಡವು. ರೇಡಿಯಾಲಜಿಯಲ್ಲಿ ಇದನ್ನು ಸೋಪ್ ಬಬಲ್ ನೋಟ ಅನ್ನುತ್ತಾರೆ. ಚಿತ್ರ ಸ್ಪಷ್ಟವಾಗಲು ರಕ್ತನಾಳಕ್ಕೆ ಗ್ಯಾಡೋಲಿನಿಯಂ ಎಂಬ ಮದ್ದು ಕೊಟ್ಟಾಗ ಅಲ್ಲಲ್ಲಿ, ಒಂದೇ ಸಮನಾಗಿ ಅಲ್ಲದೆ, ಬೆಳಗಿತು. ಗಡ್ಡೆಯೊಳಗಿನ ರಾಸಾಯನಿಕಗಳನ್ನು ಎಂಆರ್‌ಐ ಯಂತ್ರದಲ್ಲೇ ಅಳೆಯುವ ಸ್ಪೆಕ್ಟ್ರೋಸ್ಕೋಪಿಯಲ್ಲಿ ಕೋಲಿನ್ ಏರಿತ್ತು. ಅದರ ಜೊತೆ 3.55 ಪಿಪಿಎಂ ಹತ್ತಿರ ಗ್ಲೈಸಿನ್‌ನ ಒಂದು ಏರು ಕಂಡಿತು. ಅದು ನ್ಯೂರೋಸೈಟೋಮಾದ ಕಡೆಗೆ ಕೈ ತೋರಿಸುವ ಗುರುತು. ಯುವ ವಯಸ್ಸು, ಬದಿಯ ಕುಹರ, ಮಧ್ಯದ ಪರದೆಗೆ ಅಂಟು, ಸುಣ್ಣದ ಚುಕ್ಕೆ, ಗುಳ್ಳೆ ಗುಳ್ಳೆ ನೋಟ. ಇವೆಲ್ಲ ಒಂದೇ ಕಡೆ ಕೂಡಿದರೆ ಆ ಹೆಸರು ಮೊದಲಿಗೆ ಬರುತ್ತದೆ. ಈ ಗಡ್ಡೆ ಹೆಚ್ಚಾಗಿ ಬರುವುದು 20ರಿಂದ 40ರ ವಯಸ್ಸಿನವರಿಗೆ, ಹೆಂಗಸರಿಗೂ ಗಂಡಸರಿಗೂ ಸರಿಸುಮಾರು ಸಮನಾಗಿ.

ಆದರೂ ಚಿತ್ರ ನೋಡಿ ಹೇಳಿದ್ದು ಊಹೆ ಮಾತ್ರ.

ಶಸ್ತ್ರಚಿಕಿತ್ಸೆ

ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿ ಕಾಯುವ ಯೋಚನೆ ಇಲ್ಲಿ ಸರಿಹೊಂದುವುದಿಲ್ಲ. ಕಿಂಡಿ ಮುಚ್ಚಿದೆ. ದಾರಿ ಬಿಡಿಸಬೇಕು. ಈ ಗಡ್ಡೆಗೆ ಮುಖ್ಯ ಮದ್ದೂ ಶಸ್ತ್ರಚಿಕಿತ್ಸೆಯೇ. ಎಷ್ಟು ಪೂರ್ತಿ ತೆಗೆಯುತ್ತಾರೋ ಅಷ್ಟು ಒಳ್ಳೆಯದು.

ಕುಹರ ಇರುವುದು ಮೆದುಳಿನ ನಟ್ಟನಡುವೆ. ಅಲ್ಲಿಗೆ ಹೋಗಲು ಮುಖ್ಯವಾಗಿ ಎರಡು ದಾರಿ. ಒಂದು, ಹಣೆಯ ಭಾಗದ ಮೆದುಳಿನ ಹೊರಪದರವನ್ನು ಸ್ವಲ್ಪ ಸೀಳಿ ನೇರ ಇಳಿಯುವುದು. ಕುಹರ ಹಿಗ್ಗಿದ್ದರೆ ಇದು ಹತ್ತಿರದ ದಾರಿ. ಆದರೆ ಮುಂದೆ ಫಿಟ್ಸ್ ಬರುವ ಸಾಧ್ಯತೆ ಜಾಸ್ತಿ. ಇನ್ನೊಂದು, ಎಡ-ಬಲ ಅರೆಗೋಳಗಳ ನಡುವಿನ ಸಂದಿಯಲ್ಲಿ ಇಳಿದು, ಎರಡನ್ನೂ ಜೋಡಿಸುವ ಕಾರ್ಪಸ್ ಕಲೋಸಮ್ ಎಂಬ ಸೇತುವೆಯಲ್ಲಿ ಎರಡು ಸೆಂಟಿಮೀಟರಿನಷ್ಟು ಚಿಕ್ಕ ಕಿಂಡಿ ಮಾಡಿಕೊಂಡು ಕುಹರ ಸೇರುವುದು. ಇದರಲ್ಲಿ ಹೊರಪದರಕ್ಕೆ ಗಾಯವಿಲ್ಲ. ಆದರೆ ಸಂದಿಯಲ್ಲಿ ಅಡ್ಡ ಬರುವ ಅಭಿಧಮನಿಗಳನ್ನು ಜೋಪಾನ ಮಾಡಬೇಕು. ಕಾಲಿಗೆ ಬಲ ಕೊಡುವ ಭಾಗವೂ ಅಲ್ಲೇ ಪಕ್ಕದಲ್ಲಿದೆ. ಎರಡೂ ದಾರಿಯಲ್ಲಿ ಕೊನೆಗೆ ಸಿಗುವುದು ಫಾರ್ನಿಕ್ಸ್. ಹೊಸ ನೆನಪು ಕಟ್ಟಲು ಬೇಕಾದ ನರತಂತುಗಳ ಕಟ್ಟು ಅದು. ಅದಕ್ಕೆ ಪೆಟ್ಟಾದರೆ ಮನುಷ್ಯ ಇವತ್ತಿನದನ್ನು ನಾಳೆಗೆ ಉಳಿಸಿಕೊಳ್ಳಲಾರ.

ಇವರಿಗೆ ಎರಡನೆಯ ದಾರಿ ಆಯ್ದರು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಶಸ್ತ್ರವೈದ್ಯರು ಹೆಂಡತಿಯನ್ನೂ ಕೂರಿಸಿಕೊಂಡು ಎಲ್ಲ ಅಪಾಯವನ್ನೂ ಬಿಡಿಸಿ ಹೇಳಿದರಂತೆ: ರಕ್ತಸ್ರಾವ, ಎಡಗಾಲಿನ ಬಲಹೀನತೆ, ನೆನಪು, ಮತ್ತೆ ನೀರು ತುಂಬಿದರೆ ಶಂಟ್, ಅಂದರೆ ದ್ರವವನ್ನು ಬೇರೆಡೆಗೆ ಹರಿಸುವ ಒಳನಳಿಕೆ, ಹಾಕುವ ಸಾಧ್ಯತೆ. ಸರಿಯಾಗಿಯೇ ಮಾಡಿದರು. ಮುಂದೆ ಎಡಗಾಲು ಎಳೆದಾಗ ಮನೆಯವರು ಗಾಬರಿಯಾಗಲಿಲ್ಲ.

ಕೆಲಸ ದಿನಪೂರ್ತಿ ಹಿಡಿಯಿತು. ಈ ಗಡ್ಡೆಗೆ ರಕ್ತದ ಹರಿವು ಜಾಸ್ತಿ, ಹಾಗಾಗಿ ತುಂಡು ತುಂಡಾಗಿ, ಒಸರುವುದನ್ನು ನಿಲ್ಲಿಸುತ್ತಾ ತೆಗೆಯಬೇಕಾಯಿತು. ಕಿಂಡಿ ತೆರೆದುಕೊಂಡು ದ್ರವ ಹರಿಯುವುದು ಕಂಡಿತು. ಮಧ್ಯದ ಪರದೆಯಲ್ಲೂ ಒಂದು ತೂತು ಮಾಡಿದರು. ಒಂದು ಕಡೆಯ ಕಿಂಡಿ ಮುಂದೆ ಮುಚ್ಚಿದರೂ ದ್ರವ ಇನ್ನೊಂದು ಕಡೆಯಿಂದ ಹೋಗಲಿ ಎಂದು. ಕುಹರದ ತಳದಲ್ಲಿ ಹರಿಯುವ ಮುಖ್ಯ ಅಭಿಧಮನಿಗೆ ಅಂಟಿದ್ದ ತೆಳ್ಳನೆಯ ಒಂದು ಪದರವನ್ನು ಮಾತ್ರ ಬಿಟ್ಟರು. ಎಳೆದಿದ್ದರೆ ಆ ನಾಳ ಹರಿಯುತ್ತಿತ್ತು. ಬಿಡುವುದಕ್ಕೂ ಧೈರ್ಯ ಬೇಕು ಎಂದು ನಾನು ನಂಬುತ್ತೇನೆ. ಇಲ್ಲಿ ಬಿಟ್ಟ ಆ ಚೂರು ರೋಗಿಯ ಮಾತು, ನಡಿಗೆ ಎರಡನ್ನೂ ಉಳಿಸಿತು.

ಕುಹರದಲ್ಲಿ ಇಟ್ಟಿದ್ದ ಹೊರಗಿನ ನಳಿಕೆಯನ್ನು ಕೆಲವು ದಿನ ಇರಿಸಿ, ಆಮೇಲೆ ಮುಚ್ಚಿ ನೋಡಿದರು. ತಲೆನೋವು ಬರಲಿಲ್ಲ. ಮತ್ತೆ ತೆಗೆದ ಸಿಟಿಯಲ್ಲಿ ಕುಹರಗಳು ಕುಗ್ಗಿದ್ದವು. ನಳಿಕೆ ತೆಗೆದರು. ಶಂಟ್ ಬೇಕಾಗಲಿಲ್ಲ.

ಸೂಕ್ಷ್ಮದರ್ಶಕದ ಕೆಳಗೆ

ಇದು ಪ್ರಕರಣದ ಎರಡನೆಯ ತಿರುವು. ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಕಳಿಸಿದ ಚೂರಿನ ತುರ್ತು ವರದಿ ಹೀಗಿತ್ತು: ದುಂಡಗಿನ, ಒಂದೇ ತರಹದ ಕೋಶಗಳು, ಸುತ್ತ ಖಾಲಿ ಜಾಗ, ಆಲಿಗೋಡೆಂಡ್ರೋಗ್ಲಿಯೋಮಾ ಇರಬಹುದು.

ಆಲಿಗೋಡೆಂಡ್ರೋಗ್ಲಿಯೋಮಾ ಅಂದರೆ ಮೆದುಳಿನ ಆಧಾರ ಕೋಶಗಳಿಂದ ಬರುವ ಬೇರೆಯೇ ಗಡ್ಡೆ. ಆದರೂ ವರದಿ ತಪ್ಪು ಎಂದು ಹೇಳುವಂತಿಲ್ಲ. ಮಾಮೂಲಿ ಬಣ್ಣ ಹಾಕಿ ನೋಡಿದರೆ ಈ ಎರಡು ಗಡ್ಡೆಗಳು ಅಷ್ಟು ಒಂದೇ ರೀತಿ ಕಾಣುತ್ತವೆ. 1982ರ ತನಕ ಜಗತ್ತಿನಲ್ಲಿ ಎಲ್ಲೂ ಇವು ಬೇರೆ ಎಂದು ಗೊತ್ತಿರಲಿಲ್ಲ. ಆ ವರ್ಷ ಫ್ರಾನ್ಸಿನ ಹಸ್ಸೂನ್ ಮತ್ತು ಸಂಗಡಿಗರು ಇಬ್ಬರು ರೋಗಿಗಳ ಗಡ್ಡೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ನರಕೋಶಗಳಲ್ಲಿ ಮಾತ್ರ ಇರುವ, ಒಂದರಿಂದ ಇನ್ನೊಂದಕ್ಕೆ ಸಂಕೇತ ದಾಟಿಸುವ ಸಿನಾಪ್ಸ್‌ಗಳು ಅಲ್ಲಿ ಕಂಡವು. ಇದು ಮೆದುಳಿನ ಆಧಾರ ಕೋಶಗಳಿಂದ ಬಂದ ಗಡ್ಡೆಯಲ್ಲ, ನರಕೋಶದ ಗುಣ ಇರುವ ಗಡ್ಡೆ ಎಂದು ಅವರು ತೋರಿಸಿದರು. ಅದಕ್ಕೂ ಮೊದಲು ಕುಹರದ ಆಲಿಗೋಡೆಂಡ್ರೋಗ್ಲಿಯೋಮಾ ಎಂದೋ ಎಪೆಂಡೈಮೋಮಾ ಎಂದೋ ಬರೆದುಕೊಂಡ ಎಷ್ಟೋ ರೋಗಿಗಳಿಗೆ ಇದ್ದದ್ದು ಇದೇ ಆಗಿತ್ತು.

ಇಲ್ಲಿನ ಪೆಥಾಲಜಿಸ್ಟ್ ಆ ಮೊದಲ ವರದಿಯಲ್ಲಿ ನಿಲ್ಲಲಿಲ್ಲ. ಗಡ್ಡೆ ಇದ್ದ ಜಾಗ, ರೋಗಿಯ ವಯಸ್ಸು, ಎಂಆರ್‌ಐ ನೋಟ ಎಲ್ಲವನ್ನೂ ಕೇಳಿ ತರಿಸಿಕೊಂಡರು. ಕೋಶಗಳ ನಡುವೆ ಅಲ್ಲಲ್ಲಿ ಕೋಶಗಳೇ ಇಲ್ಲದ, ನವಿರಾದ ಎಳೆಗಳ ದ್ವೀಪಗಳು ಕಂಡವು. ಅನುಮಾನ ಬಂತು. ಸಿನಾಪ್ಟೊಫೈಸಿನ್ ಎಂಬ ಪ್ರೋಟೀನಿಗೆ ಬಣ್ಣ ಹಾಕಿಸಿದರು. ಗಾಢವಾಗಿ ಬಂತು. ಅದು ನರಕೋಶದ ಗುರುತು. ಆಧಾರ ಕೋಶಗಳ ಗುರುತಾದ ಜಿಎಫ್‌ಎಪಿ ಗಡ್ಡೆಯ ಕೋಶಗಳಲ್ಲಿ ಬರಲಿಲ್ಲ. ಆಲಿಗೋಡೆಂಡ್ರೋಗ್ಲಿಯೋಮಾದಲ್ಲಿ ಇರಲೇಬೇಕಾದ ಐಡಿಎಚ್ ಜೀನಿನ ಬದಲಾವಣೆ, ಜೊತೆಗೆ 1ಪಿ ಮತ್ತು 19ಕ್ಯೂ ಎಂಬ ಕ್ರೋಮೋಸೋಮ್ ತೋಳುಗಳ ನಷ್ಟ, ಎರಡೂ ಇರಲಿಲ್ಲ. ಕೋಶಗಳು ಎಷ್ಟು ಬೇಗ ಒಡೆದು ಹೆಚ್ಚುತ್ತಿವೆ ಎಂದು ತೋರಿಸುವ ಕಿ-67 ಶೇಕಡಾ 1. ಇದು ಶೇಕಡಾ 2-3 ದಾಟಿದರೆ ಗಡ್ಡೆ ಮತ್ತೆ ಬೆಳೆಯುವ ಭಯ ಜಾಸ್ತಿ. ಕೊನೆಯ ವರದಿ: ಸೆಂಟ್ರಲ್ ನ್ಯೂರೋಸೈಟೋಮಾ, ವಿಶ್ವ ಆರೋಗ್ಯ ಸಂಸ್ಥೆಯ ಗ್ರೇಡ್ 2.

ವರದಿಯ ಮೇಲಿನ ಹೆಸರು ಬದಲಾದರೆ ಏನಾಯಿತು ಅನ್ನಬೇಡಿ. ಆಲಿಗೋಡೆಂಡ್ರೋಗ್ಲಿಯೋಮಾ ಎಂದೇ ಉಳಿದಿದ್ದರೆ ಮುಂದಿನ ಮಾತು ವಿಕಿರಣ ಮತ್ತು ಕೀಮೋದ ಕಡೆ ಹೋಗುತ್ತಿತ್ತು. 28ರ ವಯಸ್ಸಿನ ಮೆದುಳಿಗೆ ವಿಕಿರಣ ಕೊಟ್ಟರೆ ನೆನಪು, ಚುರುಕುತನದ ಮೇಲೆ ಬೀಳುವ ಹೊರೆ ವರ್ಷಗಳ ನಂತರ ಗೊತ್ತಾಗುತ್ತದೆ. ನ್ಯೂರೋಸೈಟೋಮಾದಲ್ಲಿ ಗಡ್ಡೆ ಪೂರ್ತಿ ಅಥವಾ ಬಹುಪಾಲು ಹೋಗಿ, ಕಿ-67 ಕಡಿಮೆ ಇದ್ದರೆ ಕಾದು ನೋಡುವುದಕ್ಕೆ ಒಳ್ಳೆಯ ಆಧಾರ ಇದೆ. ಉಳಿದ ಚೂರು ಬೆಳೆದರೆ ಆಗ ಅದಕ್ಕೆ ಮಾತ್ರ ಗುರಿಯಿಟ್ಟು ಕಿರಣ ಹಾಯಿಸುವ ಗಾಮಾ ನೈಫ್‌ನಂಥ ರೇಡಿಯೋಸರ್ಜರಿ ಮಾಡಬಹುದು, ಇಲ್ಲವೇ ಮತ್ತೆ ಶಸ್ತ್ರಚಿಕಿತ್ಸೆ. ಕೀಮೋದ ಪಾತ್ರ ಈ ಗಡ್ಡೆಯಲ್ಲಿ ತೀರಾ ಸಣ್ಣದು. ಗಡ್ಡೆಯ ಗುಣ ನೋಡಿ ಎಲ್ಲ ವಿಭಾಗದವರು ಕೂತು ಕಾಯುವುದು ಎಂದು ತೀರ್ಮಾನಿಸಿದರು. ನನಗೂ ಅದೇ ಸರಿ ಅನ್ನಿಸಿತು.

ಊರಿಗೆ ಬಂದ ಮೇಲೆ

ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ಫಿಸಿಯೋಥೆರಪಿಯಲ್ಲಿ ವಾರಗಳೊಳಗೆ ಸರಿಹೋಯಿತು. ನೆನಪು ಜಾಸ್ತಿ ಸಮಯ ತೆಗೆದುಕೊಂಡಿತು. ಮೊದಲ ತಿಂಗಳಲ್ಲಿ ಊಟ ಮಾಡಿದ್ದನ್ನು ಮರೆತು ಮತ್ತೆ ತಟ್ಟೆ ಕೇಳುತ್ತಿದ್ದರು. ಮನೆಯವರಿಗೆ ಇದು ತಲೆನೋವಿಗಿಂತ ದೊಡ್ಡ ಭಯ. ಅವರಿಗೆ ಹೇಳಿದ್ದೆ: ಪರೀಕ್ಷೆ ಮಾಡಿದ ಹಾಗೆ ಕೇಳಬೇಡಿ, ಗೋಡೆಯ ಮೇಲೆ ದಿನದ ಕೆಲಸ ಬರೆದು ಹಾಕಿ, ಔಷಧಿ ಹೊತ್ತು ಫೋನಿನಲ್ಲಿ ಇಡಿ. ಮೂರು ತಿಂಗಳ ಹೊತ್ತಿಗೆ ಮೀನಿನ ಲೆಕ್ಕ ಮತ್ತೆ ಅವರ ಕೈಗೆ ಬಂತು. ಹೆಂಡತಿ ಮಾತ್ರ ಇನ್ನೂ ಒಮ್ಮೆ ಕೂಡಿ ನೋಡುತ್ತಾರೆ.

ಕಣ್ಣಿನ ನರದ ಊತ ಇಳಿಯಿತು. ಕಣ್ಣು ಕಪ್ಪುಗಟ್ಟುವುದು, ದೀಪ ಎರಡಾಗುವುದು ನಿಂತಿತು. ಬಲಗಣ್ಣಿನ ನೋಟದ ಅಂಚು ಸ್ವಲ್ಪ ಕಿರಿದಾಗಿಯೇ ಉಳಿದಿದೆ. ಇನ್ನೂ ಬೇಗ ಬಂದಿದ್ದರೆ ಅದೂ ಉಳಿಯುತ್ತಿತ್ತೇನೋ.

ಮೊದಲ ಎಂಆರ್‌ಐ ಮೂರು ತಿಂಗಳಿಗೆ, ಆಮೇಲೆ ಆರು ತಿಂಗಳಿಗೊಮ್ಮೆ, ನಂತರ ವರ್ಷಕ್ಕೊಮ್ಮೆ. ಈ ಗಡ್ಡೆ ಎಷ್ಟೋ ವರ್ಷ ಸುಮ್ಮನಿದ್ದು ಮತ್ತೆ ತಲೆ ಎತ್ತಬಹುದು. ಐದು ವರ್ಷ ದಾಟಿತು, ಇನ್ನು ಬೇಡ ಎಂದು ಬಿಡುವ ಹಾಗಿಲ್ಲ. ಇಲ್ಲಿಯ ತನಕ ಆ ತೆಳು ಪದರ ಬೆಳೆದಿಲ್ಲ. ವರ್ಷದ ಸ್ಕ್ಯಾನನ್ನು ಜೂನ್ ತಿಂಗಳಿಗೆ ಹಾಕಿಸಿಕೊಂಡಿದ್ದಾರೆ. ಬೋಟು ದಡದಲ್ಲಿರುವಾಗ ಹೋದರೆ ಕೂಲಿ ತಪ್ಪುವುದಿಲ್ಲ.

ಮನೆಯವರು ಕೇಳಿದ ಪ್ರಶ್ನೆಗಳನ್ನೂ ಬರೆಯಬೇಕು. ಬೇರೆಯವರೂ ಇವನ್ನೇ ಕೇಳುತ್ತಾರೆ. ಮಗುವಿಗೆ ಬರುತ್ತದಾ? ಇದು ವಂಶದಲ್ಲಿ ಬರುವ ಕಾಯಿಲೆಯಲ್ಲ. ಮಗುವಿಗೆ, ಅಣ್ಣತಮ್ಮಂದಿರಿಗೆ ಸ್ಕ್ಯಾನ್ ಬೇಡ. ಮೀನು ತಿನ್ನುವುದರಿಂದ, ಉಪ್ಪುನೀರಿನಿಂದ ಬಂತಾ? ಇಲ್ಲ. ಇದು ಕ್ಯಾನ್ಸರಾ? ಮೆಲ್ಲಗೆ ಬೆಳೆಯುವ ಗಡ್ಡೆ, ಮೈಯ ಬೇರೆ ಭಾಗಕ್ಕೆ ಹರಡುವುದು ತೀರಾ ಅಪರೂಪ. ಚೆನ್ನಾಗಿ ತೆಗೆದವರಲ್ಲಿ ಹೆಚ್ಚಿನವರು ಬಹಳ ವರ್ಷ ಬದುಕುತ್ತಾರೆ. ಮತ್ತೆ ಯಾವಾಗ ಓಡಿ ಬರಬೇಕು? ಬೆಳಗಿನ ತಲೆನೋವು-ವಾಂತಿ ಮರಳಿದರೆ, ಹಗಲಿನಲ್ಲೂ ತೂಕಡಿಕೆ ಬಿಡದಿದ್ದರೆ, ಕಣ್ಣು ಮಸುಕಾದರೆ, ಫಿಟ್ಸ್ ಬಂದರೆ ಅದೇ ದಿನ.

ಕೊನೆಯ ಪ್ರಶ್ನೆ ಅವರದ್ದೇ: ಕಡಲಿಗೆ ಯಾವಾಗ ಹೋಗಲಿ? ಮೆದುಳಿನ ಶಸ್ತ್ರಚಿಕಿತ್ಸೆಯಾದ ಮೇಲೆ ನೀರಿನ ನಡುವೆ ಫಿಟ್ಸ್ ಬಂದರೆ ಅದೊಂದೇ ಸಾಕು ಪ್ರಾಣಕ್ಕೆ. ಹಾಗಾಗಿ ಮೊದಲ ವರ್ಷ ಬಂದರಿನಲ್ಲೇ ಬಲೆ ಹೊಲಿಯುವ, ಮೀನು ತೂಗುವ ಕೆಲಸ ಮಾಡಿದರು. ಫಿಟ್ಸ್ ಬರಲಿಲ್ಲ. ನರರೋಗ ತಜ್ಞರು ಫಿಟ್ಸ್ ತಡೆಯುವ ಮಾತ್ರೆಯನ್ನು ಹಂತ ಹಂತವಾಗಿ ನಿಲ್ಲಿಸಿದರು. ನಿಲ್ಲಿಸಿದ ಮೇಲೂ ಆರು ತಿಂಗಳು ದಡದಲ್ಲೇ ಇರಿಸಿದರು. ಈಗ ಬೋಟಿಗೆ ಹೋಗುತ್ತಿದ್ದಾರೆ, ಮೂರು ಷರತ್ತಿನ ಮೇಲೆ. ಒಬ್ಬರೇ ಪಾತಿ ದೋಣಿ ಹತ್ತುವಂತಿಲ್ಲ. ಲೈಫ್ ಜಾಕೆಟ್ ಕಳಚುವಂತಿಲ್ಲ. ಜೊತೆಯವರಲ್ಲಿ ಇಬ್ಬರಿಗಾದರೂ ಅವರ ಕಾಯಿಲೆಯ ವಿಷಯ ಗೊತ್ತಿರಬೇಕು. ಆ ಇಬ್ಬರನ್ನು ಕರೆತಂದು ಫಿಟ್ಸ್ ಬಂದರೆ ಹೇಗೆ ಮಲಗಿಸಬೇಕು, ಏನು ಮಾಡಬಾರದು ಎಂದು ನಮ್ಮ ನರ್ಸ್ ಕೈಯಿಂದ ಹೇಳಿಸಿಕೊಂಡು ಹೋಗಿದ್ದಾರೆ.